ತೋಟದ ಒಂಟಿ ಮನೆಗೆ ಕೋವಿ ಆರಿಸಿದ ಬಗೆ

ಆಯುಧ ಲೈಸೆನ್ಸಿನ ಅರ್ಜಿ, ಅಂದರೆ ಫಾರಂ ಎ-1ರಲ್ಲಿ, ಯಾವ ಬಗೆಯ ಆಯುಧ ಬೇಕು ಎಂದು ಬರೆಯುವ ಜಾಗವಿದೆ. ಅಲ್ಲಿ ಬರೆದದ್ದೇ ಲೈಸೆನ್ಸಿಗೆ ಇಳಿಯುತ್ತದೆ. ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ. ಕೈಯಲ್ಲಿ 12 ಬೋರಿನ ಕೋವಿಯ ಲೈಸೆನ್ಸ್ ಹಿಡಿದು ಹೋದವರು ಅಂಗಡಿಯಲ್ಲಿ ರಿವಾಲ್ವರಿಗೆ ಮನಸೋತರೆ ಅಂಗಡಿಯವರು ಕೊಡುವಂತಿಲ್ಲ. ಬದಲಾಯಿಸಲು ಮತ್ತೆ ಅರ್ಜಿ ಹಾಕಬೇಕು, ಮತ್ತೆ ಕಾಯಬೇಕು. ಹಾಗಾಗಿ ಆಯ್ಕೆ ಮೊದಲು, ಅರ್ಜಿ ಆಮೇಲೆ, ಅಂಗಡಿ ಕೊನೆಗೆ. ಮಲೆನಾಡಿನ ತೋಟದ ನಡುವೆ ಇರುವ ನಮ್ಮ ಮನೆಗೆ ಕೋವಿ ತರುವಾಗ ನಾವು ಈ ಸಾಲು ತಪ್ಪದಂತೆ ನಡೆದೆವು. ಆಯಾ ಹಂತದಲ್ಲಿ ಏನೇನು ನೋಡಿದೆವು, ಯಾವುದನ್ನು ಯಾಕೆ ಬಿಟ್ಟೆವು ಎಂಬುದು ಇಲ್ಲಿದೆ.

ಎಲ್ಲಕ್ಕೂ ಮುಂಚೆ ಮನೆಯನ್ನೇ ನೋಡಿಕೊಳ್ಳಬೇಕು. ಹಿತ್ತಿಲ ಬಾಗಿಲಿಗೆ ಹಳೆಯ ಮರದ ಅಗುಳಿಯೊಂದೇ ಇದ್ದು, ಅಂಗಳದಲ್ಲಿ ದೀಪವಿಲ್ಲದ ಮನೆಗೆ ಎಂಥ ಕೋವಿ ತಂದರೂ ಉಪಯೋಗ ಕಡಿಮೆ. ಬೀರುವಿನ ಬೀಗ ತೆಗೆದು, ನಳಿಗೆ ಜೋಡಿಸಿ, ತೋಟೆ ತುಂಬಲು ಒಂದೆರಡು ನಿಮಿಷವಾದರೂ ಬೇಕು. ಆ ಹೊತ್ತನ್ನು ಗಟ್ಟಿ ಬಾಗಿಲು, ಒಳಗಿನಿಂದ ಹಾಕುವ ಕಬ್ಬಿಣದ ಪಟ್ಟಿ, ಅಂಗಳದ ದೀಪದ ಸ್ವಿಚ್ಚು ಮಲಗುವ ಕೋಣೆಯಲ್ಲಿರುವುದು, ಬೊಗಳುವ ನಾಯಿ, ಇವು ಗಳಿಸಿಕೊಡುತ್ತವೆ. ಇಷ್ಟನ್ನೂ ಮಾಡಿಕೊಂಡ ಮೇಲೂ ಪೊಲೀಸ್ ಠಾಣೆ ದೂರವೇ ಇದ್ದರೆ ಕೋವಿಯ ಮಾತು ಬರುತ್ತದೆ.

ಕೊಡಗಿನ ಲೆಕ್ಕ ಬೇರೆ. ಅಲ್ಲಿ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಹಿಡುವಳಿದಾರರಿಗೂ 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ನಿನಡಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಘಟ್ಟದ ಉಳಿದ ಕಡೆಯವರಿಗೆಲ್ಲ ಲೈಸೆನ್ಸೇ ದಾರಿ.

ಲೈಸೆನ್ಸಿನ ಮೇಲೆ ಸಾಮಾನ್ಯರಿಗೆ ಸಿಗುವುದು ನಿಷೇಧಿತವಲ್ಲದ ಬೋರುಗಳು ಮಾತ್ರ. 9 ಎಂಎಂ ಪಿಸ್ತೂಲು, .38 ರಿವಾಲ್ವರ್, .303 ರೈಫಲ್ ಇವೆಲ್ಲ ನಿಷೇಧಿತ ಬೋರುಗಳು, ಅವುಗಳ ಯೋಚನೆ ಬೇಡ. ವಿದೇಶದಿಂದ ಖಾಸಗಿಯಾಗಿ ತರಿಸುವ ಬಾಗಿಲು ಮುಚ್ಚಿ ದಶಕಗಳೇ ಆಗಿವೆ. ಹಾಗಾಗಿ ಇಲ್ಲಿ ಕಾಣುವ ಇಂಗ್ಲಿಷ್, ಬೆಲ್ಜಿಯಂ ಕೋವಿಗಳೆಲ್ಲ ಹಿಂದೆಯೇ ಬಂದು ಕೈಯಿಂದ ಕೈಗೆ ದಾಟಿದವು. ಮನೆ ಕಾಯಲು ಎಂದಾಗ ಕೊನೆಗೆ ಉಳಿಯುವುದು ನಾಲ್ಕು ಬಗೆ: .32 ರಿವಾಲ್ವರ್, .32 ಪಿಸ್ತೂಲು, 12 ಬೋರಿನ ಕೋವಿ, .315 ರೈಫಲ್.

.315 ರೈಫಲನ್ನು ನಾವು ಮೊದಲೇ ಬಿಟ್ಟೆವು. ಅದರ ಗುಂಡು ಹಲಗೆ ಬಾಗಿಲು, ಟೊಳ್ಳು ಇಟ್ಟಿಗೆಯ ಗೋಡೆ ದಾಟಿ ಆಚೆಗೂ ಕೊಲ್ಲುವ ಶಕ್ತಿ ಉಳಿಸಿಕೊಂಡಿರುತ್ತದೆ. ಗುರಿ ತಪ್ಪಿದ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಕೂಲಿ ಲೈನು ಕೂಗಳತೆಯಲ್ಲಿರುವ ತೋಟದಲ್ಲಿ ರಾತ್ರಿ ಹೊತ್ತು ಅದನ್ನು ಹಾರಿಸುವ ಮಾತೇ ಇಲ್ಲ.

ರಿವಾಲ್ವರಿನ ಮೇಲೆ ಬಹಳ ಜನರಿಗೆ ಆಸೆ. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರಲ್ಲಿ ತಂದ ‘ನಿರ್ಭೀಕ್’ ಸುಮಾರು 500 ಗ್ರಾಂ ತೂಗುತ್ತದೆ, ಟೈಟಾನಿಯಂ ಮಿಶ್ರಲೋಹದ್ದು, ನಡು ಮುರಿದು ಗುಂಡು ತುಂಬುವ ಬಗೆಯದು. ಕಾನ್ಪುರದ್ದೇ ಆದ ಸರ್ಕಾರಿ ಕಂಪನಿ ಎಡಬ್ಲ್ಯುಇಐಎಲ್ 2023ರಲ್ಲಿ ಹೊರತಂದ ‘ಪ್ರಬಲ್’ಗೆ 76 ಮಿ.ಮೀ. ನಳಿಗೆ, ತೂಕ 675 ಗ್ರಾಂ, ಇದರಲ್ಲಿ ಗುಂಡಿನ ಗಾಲಿ ಪಕ್ಕಕ್ಕೆ ಹೊರಳುತ್ತದೆ. ಖಾಲಿ ತೋಟೆ ತೆಗೆದು ಹೊಸದು ತುಂಬಲು ಪಕ್ಕಕ್ಕೆ ಹೊರಳುವುದೇ ಸಲೀಸು. ಪಿಸ್ತೂಲಿನಲ್ಲಿ ‘ಅಶನಿ’ ಇದೆ. ರಿವಾಲ್ವರೋ ಪಿಸ್ತೂಲೋ ಎಂದರೆ ಮನೆಯವರಿಗೆ ರಿವಾಲ್ವರೇ ಸರಿ. ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಸಾಕು, ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ತೋಟೆ ಸಿಕ್ಕಿಕೊಂಡರೆ ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು ಬಿಡಿಸಬೇಕು. ಕತ್ತಲಲ್ಲಿ, ನಡುಗುವ ಕೈಯಲ್ಲಿ ಅದು ಆಗುವುದು ರೂಢಿ ಇದ್ದವರಿಗೆ ಮಾತ್ರ.

ಇಲ್ಲೊಂದು ಅಪಾಯ ಗಮನಿಸಿ. ರಿವಾಲ್ವರಿನ ತೋಟೆ .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್, ಪಿಸ್ತೂಲಿನದು .32 ಎಸಿಪಿ. ಎರಡಕ್ಕೂ ಬಾಯಿಮಾತಲ್ಲಿ ‘ಬತ್ತೀಸ್’ ಎಂದೇ ಹೆಸರು. ಗಾತ್ರ ಹತ್ತಿರ ಇರುವುದರಿಂದ ಪಿಸ್ತೂಲಿನ ತೋಟೆ ರಿವಾಲ್ವರಿನೊಳಗೆ ಹೊಕ್ಕರೂ ಹೊಕ್ಕೀತು. ಹಾರಿಸಬಾರದು, ಅದರ ಒತ್ತಡ ಬೇರೆ. ಡಬ್ಬಿಯ ಮೇಲಿನ ಪೂರ್ತಿ ಹೆಸರನ್ನು ಓದಿಯೇ ಕೊಳ್ಳಬೇಕು.

ಆದರೂ ನಾವು ಕೈಬಂದೂಕು ಬೇಡವೆಂದು ಬಿಟ್ಟದ್ದು ಅಭ್ಯಾಸದ ಕಾರಣಕ್ಕೆ. ಮೂರು ಇಂಚಿನ ನಳಿಗೆಯಿಂದ ಏಳೆಂಟು ಮೀಟರಿನಲ್ಲಿ ಗುರಿ ಕೂರಿಸಲು ನೂರಾರು ಗುಂಡು ಹಾರಿಸಿ ಪಳಗಿದ ಕೈ ಬೇಕು. ನಮ್ಮಲ್ಲಿ ವರ್ಷಕ್ಕೆ ಎಷ್ಟು ತೋಟೆ ಎಂದು ಲೈಸೆನ್ಸಿನಲ್ಲೇ ಬರೆದಿರುತ್ತಾರೆ, .32 ಗುಂಡು ಅಗ್ಗವೂ ಅಲ್ಲ, ಹಾರಿಸಿ ಕಲಿಯುವ ರೇಂಜು ಎಲ್ಲ ಊರಲ್ಲೂ ಇಲ್ಲ. ಇಷ್ಟು ಕಡಿಮೆ ಅಭ್ಯಾಸದಲ್ಲಿ ನಂಬಬಹುದಾದದ್ದು ಭುಜಕ್ಕೆ ಆನಿಸಿ ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕೋವಿ. ಸದಾ ಓಡಾಟದಲ್ಲಿರುವ, ಹಣ ಸಾಗಿಸುವ ಕೆಲಸದವರಿಗೆ ರಿವಾಲ್ವರ್ ಬೇಕಾದೀತು. ಮನೆಯೊಳಗೆ ನಿಂತು ಮನೆ ಕಾಯುವವರಿಗೆ 12 ಬೋರ್.

12 ಬೋರಿನಲ್ಲೂ ಒಂಟಿ ನಳಿಗೆ, ಜೋಡಿ ನಳಿಗೆ, ಪಂಪ್ ಆ್ಯಕ್ಷನ್ ಎಂದಿವೆ. ಪಂಪಿನಲ್ಲಿ ತೋಟೆ ಹೆಚ್ಚು ಹಿಡಿಯುತ್ತದೆ, ಆದರೆ ಮುಂಗೈಯ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಪೂರ್ತಿ ಮುಂದಕ್ಕೆ ತಳ್ಳದೆ ಅರ್ಧಕ್ಕೆ ನಿಲ್ಲಿಸಿದರೆ ತೋಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಗಾಬರಿಯಲ್ಲಿ ಆಗುವುದೇ ಅದು. ಜೋಡಿ ನಳಿಗೆಯಲ್ಲಿ ಎರಡೇ ಈಡು, ಆದರೆ ಎರಡೂ ಬೇರೆಬೇರೆ ಯಂತ್ರ. ಒಂದು ಕೈಕೊಟ್ಟರೆ ಇನ್ನೊಂದು ಉಳಿದಿರುತ್ತದೆ. ತುಂಬಿದೆಯೋ ಇಲ್ಲವೋ ಎಂಬುದು ನಡು ಮುರಿದ ಕೂಡಲೇ ಕಣ್ಣಿಗೆ ಕಾಣುತ್ತದೆ, ಕತ್ತಲಲ್ಲಿ ಹೆಬ್ಬೆರಳಿಟ್ಟರೂ ತಿಳಿಯುತ್ತದೆ. ಮಕ್ಕಳಿರುವ ಮನೆಗೆ ಈ ಒಂದು ಗುಣಕ್ಕಾಗಿಯೇ ನಾನು ಜೋಡಿ ನಳಿಗೆ ಎನ್ನುತ್ತೇನೆ.

ಉದ್ದದ ಪ್ರಶ್ನೆಯನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಬಹುದು. 30 ಇಂಚಿನ ನಳಿಗೆಯ ಕೋವಿ ಒಟ್ಟು ನಾಲ್ಕು ಅಡಿಯ ಆಸುಪಾಸು ಬರುತ್ತದೆ. ಅಷ್ಟೇ ಉದ್ದದ ಬಿದಿರು ಕೋಲನ್ನು ಭುಜಕ್ಕೆ ಆನಿಸಿಕೊಂಡು ಮಲಗುವ ಕೋಣೆಯಿಂದ ಜಗಲಿಯವರೆಗೆ ರಾತ್ರಿ ದೀಪವಾರಿಸಿ ನಡೆದು ನೋಡಿ. ಎಲ್ಲಿ ಬಾಗಿಲ ಚೌಕಟ್ಟಿಗೆ ತಗಲುತ್ತದೆ, ಎಲ್ಲಿ ತಿರುವಿನಲ್ಲಿ ತುದಿ ಮೊದಲು ಹೊರಬಿದ್ದು ಯಾರಾದರೂ ಹಿಡಿದೆಳೆಯುವಂತಾಗುತ್ತದೆ ಎಂಬುದು ಗೊತ್ತಾಗುತ್ತದೆ. ನಮ್ಮ ಹಳೆಯ ಕಾಲದ ಸಣ್ಣ ಬಾಗಿಲುಗಳಲ್ಲಿ ಬಗ್ಗಿ ದಾಟಬೇಕು, ಆಗ ಕೋಲು ನೆಲ ನೋಡುತ್ತದೆ. ಇದರಿಂದ ಹೊರಟ ತೀರ್ಮಾನ ಇಷ್ಟು: ಕೋವಿ ಹಿಡಿದು ಮನೆಯೆಲ್ಲ ಹುಡುಕುತ್ತ ತಿರುಗುವುದು ಬೇಡ. ಮನೆಮಂದಿಯನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, 112ಕ್ಕೆ ಫೋನ್ ಮಾಡಿ, ಬಾಗಿಲಿಗೆ ಮುಖ ಮಾಡಿ ಕೂರುವುದು. ಆ ಕೆಲಸಕ್ಕೆ ನಳಿಗೆಯ ಉದ್ದ ತೊಡಕಲ್ಲ. ಗರಗಸ ಹಿಡಿದು ನಳಿಗೆ ಮೊಟಕು ಮಾಡುವುದು ಮಾತ್ರ ಅಪರಾಧ, ಜೈಲಿಗೆ ದಾರಿ.

ಹೊಸದು ಕೊಳ್ಳುವ ಮೊದಲು ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದೆಯೇ ನೋಡಿ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರು ತೀರಿಕೊಂಡಾಗ, ಅಥವಾ ಅವರಿಗೆ 70 ವರ್ಷ ತುಂಬಿದಾಗ ಇಲ್ಲವೇ ಆಯುಧ ಹೊಂದಿ 25 ವರ್ಷವಾದಾಗ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಆಯುಧ, ಅದೂ ಲೆಕ್ಕದಲ್ಲಿರಲಿ. ಹಳೆಯ ಕೋವಿ ಗಟ್ಟಿಯಾಗಿದ್ದರೆ ಅದನ್ನೇ ರಿಪೇರಿ ಮಾಡಿಸಿಕೊಳ್ಳುವುದು ಒಳ್ಳೆಯದು. ಗಟ್ಟಿಯೋ ಅಲ್ಲವೋ ನೋಡುವ ಬಗೆಯನ್ನು ಮುಂದೆ ಹೇಳುತ್ತೇನೆ.

ಅರ್ಜಿಯ ವಿಷಯ ಬೇಗ ಮುಗಿಸುತ್ತೇನೆ. ವಯಸ್ಸು 21 ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು ಲೈಸೆನ್ಸ್ ಕೊಡುವವರು. ಫೋಟೋ, ಗುರುತು, ವಿಳಾಸ, ವಯಸ್ಸಿನ ದಾಖಲೆ ಜೊತೆಗೆ ಎರಡು ಪ್ರಮಾಣಪತ್ರ ಬೇಕು. ಆಯುಧ ಬಳಕೆ ಮತ್ತು ಜೋಪಾನದ ತರಬೇತಿಯದು ಫಾರಂ ಎಸ್-1, ಮಾನಸಿಕ ಮತ್ತು ದೈಹಿಕ ಆರೋಗ್ಯದ ವೈದ್ಯಕೀಯ ಪತ್ರ ಫಾರಂ ಎಸ್-3. ಎಸ್-3ರಲ್ಲಿ ಅರ್ಜಿದಾರರು ಅಮಲು ಪದಾರ್ಥಕ್ಕೆ ಅಂಟಿಕೊಂಡವರಲ್ಲ ಎಂಬ ಮಾತು ಸ್ಪಷ್ಟವಾಗಿ ಇರಬೇಕು, ಇಲ್ಲದಿದ್ದರೆ ಕಡತ ಹಿಂದಕ್ಕೆ ಬರುತ್ತದೆ. ತರಬೇತಿಗೆ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಒಳ್ಳೆಯ ದಾರಿ. ಪ್ರಕಟಣೆ ಯಾವಾಗ ಬರುತ್ತದೆಂದು ಠಾಣೆಯಲ್ಲಿ ಕೇಳಿಟ್ಟುಕೊಳ್ಳಿ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ‘ಕಾರಣ’ದ ಕಾಲಂನಲ್ಲಿ. ‘ಆತ್ಮರಕ್ಷಣೆಗಾಗಿ’ ಎಂದು ಒಂದೇ ಪದ ಗೀಚಿದರೆ ಪರಿಶೀಲನೆಗೆ ಬರುವ ಠಾಣೆಯವರಿಗೆ ಬರೆಯಲು ಏನೂ ಇರುವುದಿಲ್ಲ. ಮನೆಯಿಂದ ಠಾಣೆಗೆ ಎಷ್ಟು ಕಿ.ಮೀ., ಹತ್ತಿರದ ಮನೆ ಎಷ್ಟು ದೂರ, ರಾತ್ರಿ ಮನೆಯಲ್ಲಿ ಯಾರ್ಯಾರು, ಹಿಂದೆ ಕಳವು ಅಥವಾ ಬೆದರಿಕೆಯ ದೂರು ಕೊಟ್ಟಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ, ಇವನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ಬೆಳೆ ರಕ್ಷಣೆಗೂ ಬೇಕಿದ್ದರೆ ಪಹಣಿ ಸಮೇತ ಅದನ್ನೂ ಬೇರೆಯಾಗಿ ನಮೂದಿಸಿ. ಆಸ್ತಿ ಸಾಕಷ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ, ಇದು ಕಾಯ್ದೆಯ 14ನೇ ಸೆಕ್ಷನ್ನಿನಲ್ಲೇ ಇದೆ. ನಿರಾಕರಿಸಿದರೆ ಲಿಖಿತ ಕಾರಣ ಕೇಳಿ ಪಡೆದು 18ನೇ ಸೆಕ್ಷನ್ನಿನಡಿ ಮೇಲ್ಮನವಿ ಹಾಕಬಹುದು. ಲೈಸೆನ್ಸ್ ಕೈಗೆ ಬಂದ ಕೂಡಲೇ ಯುಐಎನ್ ಎಂಬ ಲೈಸೆನ್ಸುದಾರರ ಗುರುತಿನ ಸಂಖ್ಯೆ, ಆಯುಧದ ಬಗೆ, ಕೊಳ್ಳಲು ಕೊಟ್ಟ ಗಡುವು, ಯಾವ ವ್ಯಾಪ್ತಿಯಲ್ಲಿ ಮಾನ್ಯ, ಈ ನಾಲ್ಕನ್ನು ಅಲ್ಲೇ ಓದಿ. ಗಡುವು ಮೀರುವ ಮೊದಲೇ ಅವಧಿ ವಿಸ್ತರಣೆ ಕೇಳಬೇಕು, ಮೀರಿದ ಮೇಲೆ ತಾಪತ್ರಯ.

ಇನ್ನು ಅಂಗಡಿ. ಇಲ್ಲಿ ಅವಸರ ಕೂಡದು. ಹೊಸದಾದರೂ ಹಳೆಯದಾದರೂ ಪರೀಕ್ಷೆ ಒಂದೇ.

ಮೊದಲು ಕೋವಿ ಖಾಲಿ ಇದೆಯೇ ನೋಡಿ, ನಳಿಗೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಒಳಮೈ ಕನ್ನಡಿಯ ಹಾಗೆ ಹೊಳೆಯಬೇಕು. ಬೆಳಕಿನ ಬಳೆಗಳು ಒಂದರೊಳಗೊಂದು ಗುಂಡಗೆ ಕಾಣಬೇಕು, ಎಲ್ಲಾದರೂ ಬಳೆ ಸೊಟ್ಟಗಾದರೆ ಅಲ್ಲಿ ನಳಿಗೆ ನೆಗ್ಗಿದೆ ಎಂದರ್ಥ. ಚುಕ್ಕೆ ಚುಕ್ಕೆ ಕಪ್ಪು ಕಂಡರೆ ತುಕ್ಕು ತಿಂದ ಗುಳಿಗಳು. ತುದಿಯ ಬಳಿ ಒಂದೆರಡು ಇದ್ದರೆ ಸಹಿಸಬಹುದು, ತೋಟೆ ಕೂರುವ ಕೋಣೆಯ ಮುಂದೆ ಇದ್ದರೆ ಬೇಡ, ಒತ್ತಡ ಹೆಚ್ಚು ಬೀಳುವ ಜಾಗ ಅದು. ಹಳೆಯ ಕೋವಿಯ ಹೊರಮೈಯಲ್ಲಿ ನೇಯ್ದ ಬಟ್ಟೆಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಪ್ಪು ಮದ್ದಿನ ಕಾಲದ್ದು. ಈಗಿನ ಹೊಗೆರಹಿತ ಮದ್ದಿನ ತೋಟೆಯನ್ನು ಅದರಲ್ಲಿ ಹಾರಿಸಬಾರದು. ನಳಿಗೆಯ ಬುಡದಲ್ಲಿ ಕೋಣೆಯ ಉದ್ದ ಒತ್ತಿರುತ್ತಾರೆ: 2½ ಇಂಚು ಅಂದರೆ 65 ಮಿ.ಮೀ., 2¾ ಇಂಚು ಅಂದರೆ 70 ಮಿ.ಮೀ. ಸಣ್ಣ ಕೋಣೆಯಲ್ಲಿ ಉದ್ದ ತೋಟೆ ಕೂರುತ್ತದೆ, ಆದರೆ ಹಾರುವಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೂತಿತೆಂದು ಮೋಸ ಹೋಗಬಾರದು.

ಮತ್ತೆ ಜೋಡಿಸಿ. ನಳಿಗೆಯ ಕೆಳಗೆ ಕೈ ಹಿಡಿಯುವ ಮುಂಗೈ ಮರವನ್ನು ಮಾತ್ರ ತೆಗೆದು, ಕೋವಿ ಮುಚ್ಚಿ, ಒಂದು ಕೈಯಲ್ಲಿ ನಳಿಗೆ ಇನ್ನೊಂದರಲ್ಲಿ ಹಿಡಿ ಹಿಡಿದು ಪಕ್ಕಕ್ಕೂ ಮೇಲಕ್ಕೂ ಅಲುಗಾಡಿಸಿ. ಮುಂಗೈ ಮರ ಇದ್ದರೆ ಅದು ಸಡಿಲವನ್ನು ಮುಚ್ಚಿಡುತ್ತದೆ, ಅದಕ್ಕೇ ತೆಗೆಯುವುದು. ಟಕಟಕ ಎಂದರೆ ಕೀಲು ಸವೆದಿದೆ. ನಳಿಗೆಯ ಬುಡಕ್ಕೂ ಅದು ಆನುವ ಗೋಡೆಗೂ ನಡುವೆ ಬೆಳಕು ತೂರಿ ಕಂಡರೂ ಅಷ್ಟೇ. ಆಮೇಲೆ ಡಮ್ಮಿ ತೋಟೆ ಹಾಕಿ ಸೇಫ್ಟಿ ಪರೀಕ್ಷಿಸಿ. ಸೇಫ್ಟಿ ಇಟ್ಟು ಎರಡೂ ಟ್ರಿಗರ್ ಒತ್ತಿ, ಬೆರಳು ತೆಗೆದು, ಈಗ ಸೇಫ್ಟಿ ಬಿಡಿ. ಆ ಕ್ಷಣ ಒಳಗೆ ‘ಟಕ್’ ಎಂದು ಸದ್ದಾದರೆ ಆ ಕೋವಿಯನ್ನು ಅಲ್ಲೇ ಬಿಟ್ಟು ಬನ್ನಿ, ಸೇಫ್ಟಿ ಬಿಟ್ಟಾಗ ತಾನೇ ಹಾರುವ ಕೋವಿ ಅದು. ಸೇಫ್ಟಿ ಬಿಟ್ಟ ಸ್ಥಿತಿಯಲ್ಲಿ ಹಿಡಿಯ ಬುಡವನ್ನು ಅಂಗೈಯಿಂದ ಗಟ್ಟಿಯಾಗಿ ತಟ್ಟಿದಾಗಲೂ ಸದ್ದಾಗಬಾರದು.

ಹಿಡಿಯ ಅಳತೆಯನ್ನು ಮನೆಯಲ್ಲಿ ಯಾರ ಹೆಸರಿಗೆ ಲೈಸೆನ್ಸೋ ಅವರ ಮೈಮೇಲೇ ನೋಡಬೇಕು. ಮೊಣಕೈ ಮಡಚಿ ಹಿಡಿಯ ಬುಡವನ್ನು ತೋಳಿನ ಮಡಿಕೆಗೆ ಇಟ್ಟಾಗ ತೋರುಬೆರಳು ಟ್ರಿಗರಿಗೆ ಹಾಯಾಗಿ ತಲುಪಬೇಕು. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕಣ್ಣು ತೆರೆದಾಗ ನಳಿಗೆಗಳ ನಡುವಿನ ಪಟ್ಟಿ ನೇರ ಮುಂದೆ ಕಾಣಬೇಕು. ಗಿಡ್ಡ ಮೈಯವರಿಗೆ ಹಿಡಿ ಉದ್ದವಾದರೆ ಅದು ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಈಡಾದಾಗ ದವಡೆಗೆ ಬಡಿಯುತ್ತದೆ. ಮರ ಕೊಯ್ದು ಅರ್ಧ ಇಂಚು ಕಡಿಮೆ ಮಾಡುವುದು ಲೈಸೆನ್ಸ್ ಇರುವ ರಿಪೇರಿಯವರಿಗೆ ಸಣ್ಣ ಕೆಲಸ.

ಬಿಲ್ಲು ಮಾಡುವ ಮುನ್ನ ನಳಿಗೆ, ಯಂತ್ರದ ಭಾಗ, ಮುಂಗೈ ಮರದ ಕಬ್ಬಿಣ ಇವುಗಳ ಮೇಲಿನ ಸಂಖ್ಯೆ ಒಂದೇ ಇದೆಯೇ, ಅದೇ ಸಂಖ್ಯೆ ಬಿಲ್ಲಿನಲ್ಲೂ ಲೈಸೆನ್ಸಿನಲ್ಲೂ ಬಂದಿದೆಯೇ ಎಂದು ಒಂದೊಂದೇ ಅಂಕಿ ಕೂಡಿಸಿ ಓದಿ. ಒಂದಂಕಿ ಹೆಚ್ಚುಕಡಿಮೆಯಾದರೆ ನವೀಕರಣದ ಹೊತ್ತಿಗೆ ನಿಮ್ಮ ಕೈಯಲ್ಲಿರುವುದು ಬೇರೆಯವರ ಕೋವಿ ಎಂದಾಗುತ್ತದೆ.

ತೋಟೆಯ ಆಯ್ಕೆ ಕೋವಿಯ ಆಯ್ಕೆಯಷ್ಟೇ ಮುಖ್ಯ, ಜನ ಅದನ್ನು ಅಂಗಡಿಯವರಿಗೇ ಬಿಡುತ್ತಾರೆ. 12 ಬೋರಿನ ತೋಟೆಯೊಳಗೆ ತುಂಬಿರುವ ಗುಂಡುಕಾಳುಗಳೇ ಚರೆ. ಖಡ್ಕಿಯ ಕಾರ್ಖಾನೆಯ ‘ಶಕ್ತಿಮಾನ್’ ತೋಟೆಗಳಲ್ಲಿ ಸಣ್ಣ ಚರೆಯ 6, 4ನೇ ನಂಬರಿನಿಂದ ದೊಡ್ಡ ಚರೆಯ ಎಸ್‌ಜಿ, ಎಲ್‌ಜಿವರೆಗೆ ಇವೆ. ಎಸ್‌ಜಿಯಲ್ಲಿ ಸಾಮಾನ್ಯವಾಗಿ ಒಂಬತ್ತು ಚರೆ, ಒಂದೊಂದೂ 8.4 ಮಿ.ಮೀ. ಆಸುಪಾಸು. ಎಲ್‌ಜಿ ಇನ್ನೂ ದಪ್ಪ, ಹಾಗಾಗಿ ಸಂಖ್ಯೆ ಕಡಿಮೆ. ಇವು ಹಲಗೆ ಬಾಗಿಲನ್ನು ಸುಲಭವಾಗಿ ದಾಟುತ್ತವೆ. ಒಳಗೋಡೆಗಳು ಹಲಗೆಯವಾಗಿದ್ದು ಆಚೆ ಕೋಣೆಯಲ್ಲಿ ಮನೆಯವರೇ ಮಲಗುವ ಮನೆಯಲ್ಲಿ ದೊಡ್ಡ ಚರೆ ಸಲ್ಲ, 4ನೇ ನಂಬರೇ ಸಾಕು. ಐದಾರು ಮೀಟರಿನಲ್ಲಿ ಸಣ್ಣ ಚರೆಗಳೂ ಚದುರದೆ ಒಟ್ಟಾಗಿಯೇ ಹೋಗಿ ತಾಗುತ್ತವೆ. ದಪ್ಪ ಜಂಬಿಟ್ಟಿಗೆ ಗೋಡೆಯ ಮನೆಯಾದರೆ ಎಸ್‌ಜಿ ಯೋಚಿಸಬಹುದು.

‘ಚರೆ ಕೋವಿಗೆ ಗುರಿ ಬೇಡ, ಆ ಕಡೆ ಹಿಡಿದರೆ ಸಾಕು’ ಎಂಬ ಮಾತು ಎಲ್ಲೆಡೆ ಇದೆ. ಅದು ತಪ್ಪು. ಚರೆ ಹರಡುವುದು ಗಜಕ್ಕೆ ಸುಮಾರು ಒಂದಿಂಚು ಎಂಬುದು ಹಳಬರ ಲೆಕ್ಕ. ಜಗಲಿಯ ಆ ತುದಿಗೆ, ಅಂದರೆ ಐದು ಮೀಟರಿಗೆ, ಅಂಗೈಯಗಲ ಅಷ್ಟೆ. ಎಡ ನಳಿಗೆಯಲ್ಲಿ ಸಾಮಾನ್ಯವಾಗಿ ಫುಲ್ ಚೋಕ್ ಇರುತ್ತದೆ. ತುದಿ ಸುಮಾರು ಒಂದು ಮಿ.ಮೀ. ಕಿರಿದಾಗಿ, 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ 70 ಶೇಕಡಾ ಚರೆ ಬೀಳುವಂತೆ ಮಾಡಿದ್ದು ಅದು. ಬಲ ನಳಿಗೆ ಅದಕ್ಕಿಂತ ಬಿಚ್ಚು. ಮನೆಯೊಳಗಿನ ದೂರಕ್ಕೆ ಬಲ ನಳಿಗೆ ಮೊದಲು, ಅಂದರೆ ಮುಂದಿನ ಟ್ರಿಗರ್. ರೇಂಜಿನಲ್ಲಿ ಹಳೆಯ ದಿನಪತ್ರಿಕೆ ಬಿಡಿಸಿ ಅಂಟಿಸಿ, ಮನೆಯ ಅತಿ ಉದ್ದದ ನೇರ ದೂರವನ್ನು ಅಳೆದುಕೊಂಡು ಹೋಗಿ, ಅಷ್ಟೇ ದೂರದಿಂದ ಒಂದೊಂದು ನಳಿಗೆಯನ್ನೂ ಹಾರಿಸಿ ತೂತು ಎಲ್ಲಿ ಬಿತ್ತೆಂದು ನೋಡಿ. ಕಿವಿಗೆ ರಕ್ಷಣೆ ಹಾಕಿಕೊಳ್ಳಿ, ಸದ್ದು 140 ಡೆಸಿಬಲ್ ಮೀರುತ್ತದೆ. ಟ್ರಿಗರ್ ಒತ್ತಿಯೂ ಹಾರದಿದ್ದರೆ ತಕ್ಷಣ ಮುರಿಯಬಾರದು. ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹಾರುವುದುಂಟು.

ಮನೆಗೆ ತಂದ ಮೇಲೆ ಬೀರು. ಬಟ್ಟೆಯ ಗೋದ್ರೇಜ್ ಬೀರುವಿನಲ್ಲಿ ಸೀರೆಯ ಹಿಂದೆ ನಿಲ್ಲಿಸುವ ರೂಢಿ ಕೆಟ್ಟದ್ದು. ಉಕ್ಕಿನ ಕಪಾಟನ್ನು ಗೋಡೆಗೆ ನಾಲ್ಕು ಬೋಲ್ಟ್ ಹಾಕಿ ಬಿಗಿಸಿ, ತೋಟೆಗೆ ಬೇರೆಯೇ ಬೀಗದ ಪೆಟ್ಟಿಗೆ ಇಡಿ. ಕೋವಿಯನ್ನು ತುಂಬಿ ಇಡಲೇಬಾರದು. ಲೈಸೆನ್ಸುದಾರರು ಊರಲ್ಲಿಲ್ಲದಾಗ ಮನೆಯ ಬೇರೆಯವರು ಅದನ್ನು ಬಳಸುವಂತಿಲ್ಲ, ರಿಟೇನರ್ ಎಂದು ಹೆಸರು ಸೇರಿಸಿದ್ದರೆ ಮಾತ್ರ ಆಗುತ್ತದೆ. ಆ ದಿನಗಳಲ್ಲಿ ನಳಿಗೆ ಒಂದು ಬೀಗದಲ್ಲಿ, ಉಳಿದ ಭಾಗ ಇನ್ನೊಂದರಲ್ಲಿ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಸಿದಿದ್ದರೆ, ಕುಡಿತ ಹೆಚ್ಚಿದ್ದರೆ, ಕೋವಿಯನ್ನು ಠಾಣೆಗೋ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಿರಿ. ಕಳ್ಳ ಬಂದಾನೆಂದು ತಂದ ಕೋವಿ ಮನೆಯವರನ್ನೇ ಬಲಿ ತೆಗೆದುಕೊಂಡ ಸುದ್ದಿ ನಮ್ಮ ಕಡೆ ಹೊಸದಲ್ಲ.

ಮಲೆನಾಡಿನ ಮಳೆಗಾಲ ಕೋವಿಗೆ ಶತ್ರು. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಇಟ್ಟರೆ ತೇವ ಹಿಡಿದು ಹದಿನೈದು ದಿನದಲ್ಲಿ ತುಕ್ಕು ಏಳುತ್ತದೆ. ಚೀಲ ಸಾಗಿಸಲು ಮಾತ್ರ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ ತೆಳು ಗನ್ ಆಯಿಲ್ ಸವರಬೇಕು. ತೆಂಗಿನೆಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ ಒಳಗಿನ ಸ್ಪ್ರಿಂಗು, ಪಿನ್ನುಗಳಿಗೆ ಅಂಟಾಗುತ್ತದೆ. ತೋಟೆಗೆ ಎಣ್ಣೆ ತಾಗಿಸಲೇಬಾರದು, ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನೊಳಗೆ ಇಳಿದರೆ ಹಾರುವುದಿಲ್ಲ. ಕಾಗದದ ತೋಟೆ ಮಳೆಗಾಲದಲ್ಲಿ ಊದಿ ಕೋಣೆಗೆ ಹೊಗುವುದೇ ಇಲ್ಲ, ಪ್ಲಾಸ್ಟಿಕ್ ತೋಟೆಯನ್ನೇ ಕೇಳಿ.

ಹಾರಿಸುವ ಹಕ್ಕಿನ ಮಿತಿಯೂ ತಿಳಿದಿರಬೇಕು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಖಾಸಗಿ ರಕ್ಷಣೆಯ ಹಕ್ಕಿನವು. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮನೆ ಒಡೆದು ನುಗ್ಗುವುದು, ದರೋಡೆ, ಮನೆಗೆ ಬೆಂಕಿ ಇಡುವುದು ಇಂಥವುಗಳಲ್ಲಿ 41ನೇ ಸೆಕ್ಷನ್ ಹೆಚ್ಚಿನ ರಕ್ಷಣೆ ಕೊಡುತ್ತದೆ. ಅಡಿಕೆ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಈಡು ಹೊಡೆಯುವುದು ಅದರೊಳಗೆ ಬರುವುದಿಲ್ಲ. ಮದುವೆ, ಜಾತ್ರೆಯಲ್ಲಿ ಖುಷಿಗೆ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಲೈಸೆನ್ಸಿನ ಅವಧಿ ಈಗ ಐದು ವರ್ಷ. ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣಕ್ಕೆ ಹಾಕಿಬಿಡಿ. ಚುನಾವಣೆ ಘೋಷಣೆಯಾದಾಗ ಕೋವಿ ಒಪ್ಪಿಸುವಂತೆ ಆದೇಶ ಬರುತ್ತದೆ. ಠಾಣೆಗೆ ಕೊಡುವ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಸವರಿ, ಸಂಖ್ಯೆ ಕಾಣುವಂತೆ ಫೋಟೋ ತೆಗೆದು, ಹೆಸರು ಮತ್ತು ಲೈಸೆನ್ಸ್ ಸಂಖ್ಯೆಯ ಚೀಟಿಯನ್ನು ಟ್ರಿಗರ್ ಬಳೆಗೆ ಕಟ್ಟಿ ಕೊಡಿ. ರಸೀದಿಯಲ್ಲಿ ಕೋವಿಯ ಸ್ಥಿತಿ ಹೇಗಿದೆ ಎಂಬುದನ್ನೂ ಬರೆಸಿಕೊಳ್ಳಿ. ವಾಪಸು ತಂದ ದಿನವೇ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ತೇವದ ಕೋಣೆಯಲ್ಲಿ ಇದ್ದು ಬಂದಿದ್ದರೆ ಅಂದೇ ಒರೆಸಿ ಎಣ್ಣೆ ಹಾಕಬೇಕು.